ಕರ್ನಾಟಕದ ಎಲ್‌ಎಲ್‌ಬಿ ಹಿಡಿದು ಅಮೆರಿಕದಲ್ಲಿ ಇಮಿಗ್ರೇಷನ್ ಲಾಯರ್ ಆಗಬಹುದಾ?

ಪ್ರಶ್ನೆ: ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದಿಂದ ಐದು ವರ್ಷದ ಬಿಎ ಎಲ್‌ಎಲ್‌ಬಿ ಮುಗಿಸಿದ್ದೇನೆ. ಒಬ್ಬ ಸೀನಿಯರ್ ಹತ್ತಿರ ಕೆಲಸ ಕಲಿಯುತ್ತಿದ್ದೇನೆ, ಆದರೆ ಮನಸ್ಸು ನಿಲ್ಲುತ್ತಿಲ್ಲ. ಅಮೆರಿಕಕ್ಕೆ ಹೋಗಿ ಇಮಿಗ್ರೇಷನ್ ಲಾಯರ್ ಆಗುವ ಆಸೆ. ನಮ್ಮ ಪದವಿ ಅಲ್ಲಿ ನಡೆಯುತ್ತದೆಯೇ? ಸಾಲ ಮಾಡಿ ಎಲ್‌ಎಲ್‌ಎಂ ಮಾಡಲೇಬೇಕೆ? ಅಷ್ಟೆಲ್ಲ ಮಾಡಿದ ಮೇಲೆ ಆ ಕೆಲಸದಲ್ಲಿ ತೃಪ್ತಿ ಇದೆಯೇ?

ಉತ್ತರ: ಆಗಬಹುದು. ಪದವಿ ನಡೆಯುತ್ತದೆ, ಆದರೆ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಎಲ್‌ಎಲ್‌ಎಂ ಎಲ್ಲರಿಗೂ ಕಡ್ಡಾಯವಲ್ಲ. ಮೂರನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಫೀಸು, ಪರೀಕ್ಷೆ, ಸಾಲದ ಕಂತು ಎಲ್ಲ ಲೆಕ್ಕ ಹಾಕಿಟ್ಟುಕೊಂಡು, ಕೆಲಸ ಏನು ಎಂಬುದನ್ನೇ ವಿಚಾರಿಸದೆ ಹೊರಡುವವರು ಬಹಳ.

ಕೆಲಸದ ಬಹುಪಾಲು ಕಾಗದ. ಒಂದು ಫೈಲ್ ಕಲ್ಪಿಸಿಕೊಳ್ಳಿ. ಹರಪನಹಳ್ಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಇಂಜಿನಿಯರ್, ಈಗ ಟೆಕ್ಸಾಸ್‌ನಲ್ಲಿದ್ದಾನೆ, ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ಹಂತ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು 'ಮಂಜುನಾಥ ಕೆ. ಬಿ.' ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಬರೀ ಮಂಜುನಾಥ. ಹಾಗಾಗಿ ಅಮೆರಿಕದ ವೀಸಾದಲ್ಲಿ ಮಂಜುನಾಥ ಎಂಬುದೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಹೆಸರು ಗೊತ್ತಿಲ್ಲ) ಎಂದು ಕೂತಿದೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರೂ ಸೇರಿದೆ. ಹುಟ್ಟಿದ ದಿನ ಜೂನ್ 1, ಅಂದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನ. (ನಮ್ಮಲ್ಲಿ ಒಂದು ತಲೆಮಾರೇ ಜೂನ್ 1ಕ್ಕೆ ಹುಟ್ಟಿದೆ.) ಮುಂದೆ ಅಪ್ಪ ತಾಲ್ಲೂಕು ಕಚೇರಿ ಅಲೆದು ತಡವಾಗಿ ಮಾಡಿಸಿದ ಜನನ ಪ್ರಮಾಣಪತ್ರದಲ್ಲಿ ಶ್ರಾವಣದ ನಿಜವಾದ ದಿನ, ಆಗಸ್ಟ್ ತಿಂಗಳದ್ದು, ಬಂದುಬಿಟ್ಟಿದೆ.

ನಮಗೆ ಇದು ಮನೆಮನೆಯ ಕಥೆ. ಅಲ್ಲಿಯ ಅಧಿಕಾರಿಗೆ ಇವರು ಮೂರು ಬೇರೆ ಬೇರೆ ಮನುಷ್ಯರು. ಆತ ಆರ್‌ಎಫ್‌ಇ ಕಳಿಸುತ್ತಾನೆ, ಇನ್ನಷ್ಟು ಪುರಾವೆ ಕೊಡಿ ಎನ್ನುವ ನೋಟಿಸ್. ಆಗ ಲಾಯರ್ ಶಾಲಾ ದಾಖಲೆ ತರಿಸಬೇಕು, ಹುಟ್ಟಿದ್ದನ್ನು ಕಂಡ ಹಿರಿಯರ ಅಫಿಡವಿಟ್ ಬರೆಸಬೇಕು, ತಡವಾಗಿ ನೋಂದಣಿ ಆದದ್ದು ಯಾಕೆ ಎಂದು ವಿವರಿಸಬೇಕು. ಅದೂ ಗಡುವಿನೊಳಗೆ. ನಾಡಕಚೇರಿಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಬಲ್ಲ ಲಾಯರ್ ಎರಡು ಫೋನಿನಲ್ಲಿ ಮುಗಿಸುವುದನ್ನು, ಗೊತ್ತಿಲ್ಲದವರು ತಿಂಗಳುಗಟ್ಟಲೆ ಎಳೆಯುತ್ತಾರೆ. ಕರ್ನಾಟಕದಲ್ಲಿ ಬೆಳೆದವರಿಗೆ ಈ ವೃತ್ತಿಯಲ್ಲಿ ಇರುವ ನಿಜವಾದ ಅನುಕೂಲ ಇದೇ. ಇಂಥ ಕಾಗದ ಹೊಂದಿಸುವುದರಲ್ಲಿ ನಿಮಗೆ ಖುಷಿ ಸಿಗುತ್ತದೆ ಅಂದರೆ ಮುಂದೆ ಓದಿ. ಬೇಜಾರು ಅನ್ನಿಸಿದರೆ ಸಿವಿಲ್ ಕೋರ್ಟೇ ವಾಸಿ.

ಅಮೆರಿಕದಲ್ಲಿ ಈ ವೃತ್ತಿಗೆ ಎರಡು ದೊಡ್ಡ ಕವಲುಗಳಿವೆ. ಮದುವೆ, ಅಪ್ಪ-ಅಮ್ಮನ ಅರ್ಜಿಗಳಂಥ ಕುಟುಂಬದ ಕೆಲಸ ಎರಡರ ನಡುವೆ ಬರುತ್ತದೆ.

ಮೊದಲನೆಯದು ಕಂಪನಿಗಳ ಕೆಲಸ. ಎಚ್-1ಬಿ (ಪರಿಣತ ನೌಕರರ ವೀಸಾ), ಎಲ್-1 (ಕಂಪನಿಯೊಳಗಿನ ವರ್ಗಾವಣೆಯ ವೀಸಾ), ಪರ್ಮ್ (ಆ ಕೆಲಸಕ್ಕೆ ಅಮೆರಿಕದವರು ಸಿಗುತ್ತಿಲ್ಲ ಎಂದು ತೋರಿಸುವ ಅರ್ಜಿ), ಐ-140 (ನೌಕರನ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ). ನಮ್ಮವರಿಗೆ ಗೊತ್ತಿರುವ ಲೋಕ. ವರ್ಷಕ್ಕೆ 65,000 ಎಚ್-1ಬಿ, ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಒಂದು ದೇಶದವರಿಗೆ ಸಾಮಾನ್ಯವಾಗಿ ಅದರಲ್ಲಿ ಶೇ. 7ಕ್ಕಿಂತ ಜಾಸ್ತಿ ಇಲ್ಲ. ಐಸ್‌ಲ್ಯಾಂಡಿಗೂ ಭಾರತಕ್ಕೂ ಒಂದೇ ಮಿತಿ. ಹಾಗಾಗಿ ನಮ್ಮವರ ಸಾಲು ವರ್ಷಗಳಲ್ಲ, ದಶಕಗಳಷ್ಟು ಉದ್ದ. ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಬರುತ್ತದೆ, ಪ್ರಯಾರಿಟಿ ಡೇಟ್, ಅಂದರೆ ಯಾವ ದಿನದವರೆಗೆ ಸಾಲು ಸೇರಿದವರ ಸರದಿ ಬಂತು ಎಂಬ ದಿನಾಂಕ, ಮುಂದೆ ಹೋಯಿತೋ ಹಿಂದೆ ಬಂತೋ ಎಂದು ಸಾವಿರಾರು ಮನೆಗಳು ನೋಡುತ್ತವೆ. ಸಾಲಿನಲ್ಲಿ ಕಾಯುವಾಗಲೇ ಮಗಳಿಗೆ 21 ತುಂಬಿದರೆ ಅವಳು ಅಪ್ಪನ ಅರ್ಜಿಯಿಂದ ಹೊರಬೀಳುತ್ತಾಳೆ. 2002ರ ಒಂದು ಕಾಯ್ದೆ ಐ-140 ಬಾಕಿ ಇದ್ದಷ್ಟು ದಿನವನ್ನು ಅವಳ ವಯಸ್ಸಿನಿಂದ ಕಳೆಯಲು ಬಿಡುತ್ತದೆ. ಈ ಲೆಕ್ಕ ತಪ್ಪಿಲ್ಲದೆ ಮಾಡಿ, ಸರಿಯಾದ ತಿಂಗಳಲ್ಲಿ ಅರ್ಜಿ ಹಾಕಿ ಒಂದು ಹುಡುಗಿಯನ್ನು ಸಾಲಿನಲ್ಲಿ ಉಳಿಸಿಕೊಳ್ಳುವುದು ಇದೆಯಲ್ಲ, ಈ ಕವಲಿನ ತೃಪ್ತಿ ಅಂದರೆ ಅದು.

ಇಲ್ಲಿ ಒಂದು ಇಕ್ಕಟ್ಟೂ ಇದೆ. ದುಡ್ಡು ಕೊಡುವುದು ಕಂಪನಿ, ಬದುಕು ನೌಕರನದ್ದು. ಪರ್ಮ್ ಅರ್ಜಿಯ ಲಾಯರ್ ಫೀಸನ್ನು ಕಂಪನಿಯೇ ಭರಿಸಬೇಕು ಎಂದು ನಿಯಮವೇ ಇದೆ. ಅನೇಕ ಕಡೆ ಒಬ್ಬರೇ ಲಾಯರ್ ಇಬ್ಬರನ್ನೂ ಪ್ರತಿನಿಧಿಸುತ್ತಾರೆ. ನೌಕರ ಬಂದು, "ಸರ್, ಬೇರೆ ಕಡೆ ಆಫರ್ ಬಂದಿದೆ, ಕಂಪನಿಗೆ ಹೇಳಬೇಡಿ, ಬಿಟ್ಟರೆ ನನ್ನ ಐ-140 ಏನಾಗುತ್ತೆ?" ಎಂದು ಕೇಳಿದ ಕ್ಷಣ ನೀವು ಯಾರ ಲಾಯರ್? ಇದನ್ನು ಮೊದಲ ದಿನವೇ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳದವರು ಕಷ್ಟಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕೆಲಸ ಹೋದರೆ ಎಚ್-1ಬಿ ನೌಕರನಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಆ ದಿನಗಳಲ್ಲಿ ಅವನು ಫೋನ್ ಮಾಡುವುದು ನಿಮಗೇ, ಬಿಲ್ ಕಟ್ಟುತ್ತಿದ್ದದ್ದು ಮಾತ್ರ ಅವನನ್ನು ತೆಗೆದುಹಾಕಿದ ಕಂಪನಿ.

ಶನಿವಾರ, ಭಾನುವಾರದ ಭರವಸೆಯೂ ಇಲ್ಲ. 2025ರ ಸೆಪ್ಟೆಂಬರ್ 19, ಶುಕ್ರವಾರ, ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂಬ ಅಧ್ಯಕ್ಷರ ಘೋಷಣೆ ಹೊರಬಿತ್ತು. ಭಾನುವಾರದಿಂದಲೇ ಜಾರಿ. ಈಗಾಗಲೇ ವೀಸಾ ಇರುವವರಿಗೂ ತಗಲುತ್ತದಾ? ಯಾರಿಗೂ ಸ್ಪಷ್ಟವಿರಲಿಲ್ಲ. ರಜೆಗೆ ಊರಿಗೆ ಬಂದಿದ್ದವರು ಸಿಕ್ಕ ಬೆಲೆಗೆ ಟಿಕೆಟ್ ತೆಗೆದು ವಾಪಸ್ ಹೊರಟರು. ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬಂದದ್ದು ಶನಿವಾರ. ನಡುವಿನ ಆ ರಾತ್ರಿ ಲಾಯರ್‌ಗಳ ಫೋನ್ ಎಷ್ಟು ಬಡಿದುಕೊಂಡಿರಬೇಕು, ನೀವೇ ಯೋಚಿಸಿ.

ಎರಡನೇ ಕವಲು ಗಡಿಪಾರು ತಡೆಯುವ ಮತ್ತು ಆಶ್ರಯ ಕೇಳುವ ಮೊಕದ್ದಮೆಗಳದ್ದು. ಇಲ್ಲಿ ಕೋರ್ಟ್ ಇದೆ, ಪಾಟೀಸವಾಲು ಇದೆ. ಆದರೆ ಆ ಕೋರ್ಟ್ ನ್ಯಾಯಾಂಗದ ಭಾಗವಲ್ಲ, ಸರ್ಕಾರದ ನ್ಯಾಯ ಇಲಾಖೆಯ ಒಂದು ಕಚೇರಿ. ಜಡ್ಜ್ ಕೂಡ ಆ ಇಲಾಖೆಯ ನೌಕರರೇ. ಸರ್ಕಾರದ ಪರ ವಕೀಲರು ಸದಾ ಇರುತ್ತಾರೆ. ಎದುರು ನಿಂತವರಿಗೆ ಲಾಯರ್ ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ. ಚಿಕ್ಕ ಮಕ್ಕಳೂ ಲಾಯರ್ ಇಲ್ಲದೆ ನಿಂತ ಪ್ರಕರಣಗಳಿವೆ. ಆಶ್ರಯದ ಅರ್ಜಿಯನ್ನು ಬಂದ ಒಂದು ವರ್ಷದೊಳಗೆ ಹಾಕಬೇಕು. ಅದು ಗೊತ್ತಿಲ್ಲದೆಯೇ ಅವಕಾಶ ಕಳೆದುಕೊಂಡವರನ್ನು ಅಲ್ಲಿಯ ಲಾಯರ್‌ಗಳು ದಿನಾ ನೋಡುತ್ತಾರೆ. ಈ ಕವಲಿನಲ್ಲಿ ದುಡ್ಡು ಕಡಿಮೆ. ದಿನವಿಡೀ ಹಿಂಸೆಯ ಕಥೆ ಕೇಳಿ ಲಾಯರ್‌ಗಳೇ ಸೋತು ಹೋಗುತ್ತಾರೆ. ಗೆದ್ದ ದಿನದ ಸಂತೋಷ ಮಾತ್ರ ಕಂಪನಿ ಕೆಲಸದಲ್ಲಿ ಸಿಗುವಂಥದ್ದಲ್ಲ.

ಎರಡೂ ಕವಲಿನವರು ತಿಳಿದಿರಬೇಕಾದ ತೀರ್ಪು 2010ರ ಪಡಿಯಾ ಪ್ರಕರಣದ್ದು. ನಲವತ್ತು ವರ್ಷದಿಂದ ಅಮೆರಿಕದಲ್ಲಿದ್ದ, ಅವರ ಸೈನ್ಯದಲ್ಲಿ ದುಡಿದಿದ್ದ ಒಬ್ಬರಿಗೆ, "ಇಷ್ಟು ವರ್ಷ ಇದ್ದೀರಿ, ತಪ್ಪೊಪ್ಪಿಕೊಂಡರೆ ಏನೂ ಆಗುವುದಿಲ್ಲ" ಎಂಬರ್ಥದ ಸಲಹೆ ಕೊಟ್ಟಿದ್ದು ಅವರ ಕ್ರಿಮಿನಲ್ ವಕೀಲರೇ. ಆಗಿದ್ದು ಗಡಿಪಾರಿನ ಪ್ರಕ್ರಿಯೆ. ಗಡಿಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದರಿಂದ ಕ್ರಿಮಿನಲ್ ವಕೀಲರಿಗೂ ಇಮಿಗ್ರೇಷನ್ ತಿಳಿದವರ ಸಲಹೆ ಬೇಕಾಯಿತು.

ನಮ್ಮ ದೇಶದವರು ಈ ಕೆಲಸಕ್ಕೆ ಹೊಸಬರಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು ಕಾಯ್ದೆಯ ಅರ್ಥದಲ್ಲಿ ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಎಂದಿತು. ಥಿಂಡ್ ಪರ ವಾದಿಸಿದ್ದು ಅಹಮದಾಬಾದಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ವಕೀಲರಾಗಿದ್ದ ಸಖಾರಾಮ್ ಗಣೇಶ್ ಪಂಡಿತ್. ಆ ಕೇಸು ಸೋತಿತು. ಸೋತ ಮೇಲೆ ಸರ್ಕಾರ ಪಂಡಿತರ ಪೌರತ್ವವನ್ನೇ ರದ್ದು ಮಾಡಲು ಹೊರಟಿತು. 1914ರಲ್ಲಿ ಪೌರತ್ವ ಕೊಟ್ಟಿದ್ದು ನೀವೇ, ಅದನ್ನು ನಂಬಿ ವಕೀಲನಾದೆ, ಮನೆ ಮಾಡಿದೆ, ಮದುವೆಯಾದೆ, ಈಗ ಕಿತ್ತುಕೊಂಡರೆ ಹೇಗೆ ಎಂದು ಅವರು ತಮ್ಮದೇ ಕೇಸು ನಡೆಸಿದರು. 1926ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು, ಮರುವರ್ಷ ಸುಪ್ರೀಂ ಕೋರ್ಟ್ ಸರ್ಕಾರದ ಅರ್ಜಿ ಕೇಳಲೇ ಇಲ್ಲ. ಭಾರತೀಯರ ಪೌರತ್ವ ಕಸಿಯುವ ಆ ಸರಣಿ ಅಲ್ಲಿಗೆ ನಿಂತಿತು.

ಇನ್ನು ಲೈಸೆನ್ಸ್. ಅಮೆರಿಕದಲ್ಲಿ ವಕೀಲಿಗೆ ಸನ್ನದು ಕೊಡುವ ಬಾರ್ ಇಡೀ ದೇಶಕ್ಕೆ ಒಂದಿಲ್ಲ, ರಾಜ್ಯಕ್ಕೊಂದು. ಆದರೆ ಇಮಿಗ್ರೇಷನ್ ಫೆಡರಲ್ ಕಾನೂನು. ಆದ್ದರಿಂದ ಯಾವುದೋ ಒಂದು ರಾಜ್ಯದಲ್ಲಿ ಸನ್ನದು ಸಿಕ್ಕರೆ ಸಾಕು, ಇಮಿಗ್ರೇಷನ್ ಕೆಲಸವನ್ನು ದೇಶದ ಎಲ್ಲಾ ಕಡೆಯವರಿಗೂ ಮಾಡಬಹುದು. ನಿಮ್ಮಂಥವರಿಗೆ ಸಾಮಾನ್ಯವಾಗಿ ಎರಡು ಬಾಗಿಲು. ಕ್ಯಾಲಿಫೋರ್ನಿಯಾದಲ್ಲಿ, ಭಾರತದಲ್ಲಿ ವಕೀಲರಾಗಿ ನೋಂದಣಿಯಾಗಿ ಯಾವ ಶಿಸ್ತುಕ್ರಮವೂ ಇಲ್ಲದವರು ಎಲ್‌ಎಲ್‌ಎಂ ಮಾಡದೆಯೇ ಬಾರ್ ಪರೀಕ್ಷೆಗೆ ಕೂರಬಹುದು. ಬರೀ ಪದವಿ ಇದ್ದು ನೋಂದಣಿ ಇಲ್ಲದವರಿಗೆ ಈ ದಾರಿ ಇಲ್ಲ. ನ್ಯೂಯಾರ್ಕ್‌ನಲ್ಲಿ ಅವರ ಮಂಡಳಿ ನಿಮ್ಮ ಓದನ್ನು ಅಳೆದು ನೋಡುತ್ತದೆ. ಕೊರತೆ ಕಂಡರೆ ಅಲ್ಲಿಯ ಮಾನ್ಯತೆ ಪಡೆದ ಕಾಲೇಜಿನಲ್ಲಿ 24 ಕ್ರೆಡಿಟ್‌ನ ಎಲ್‌ಎಲ್‌ಎಂ ಮಾಡಿ ತುಂಬಿಕೊಳ್ಳಬೇಕು. ಜೊತೆಗೆ ವೃತ್ತಿನೀತಿಯ ಇನ್ನೊಂದು ಪರೀಕ್ಷೆ, 50 ಗಂಟೆ ಉಚಿತ ಕಾನೂನು ಸೇವೆ. ಬಾರ್ ಪರೀಕ್ಷೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಜುಲೈ. ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆಮೇಲೆ ಯಾರೂ ಮೊದಲೇ ಹೇಳದ ತಮಾಷೆ. ಇಮಿಗ್ರೇಷನ್ ಲಾಯರ್ ಆಗಲು ಹೋದ ನಿಮಗೇ ವೀಸಾ ಬೇಕು. ಎಲ್‌ಎಲ್‌ಎಂ ಮುಗಿಸಿದ ಮೇಲೆ ಓಪಿಟಿ (ಓದು ಮುಗಿಸಿದವರಿಗೆ ಅಲ್ಲೇ ಕೆಲಸ ಮಾಡಲು ಕೊಡುವ ಅನುಮತಿ) ಸಿಗುವುದು 12 ತಿಂಗಳು ಮಾತ್ರ. ಇಂಜಿನಿಯರ್‌ಗಳಿಗೆ ಸಿಗುವ ಹೆಚ್ಚಿನ 24 ತಿಂಗಳು ಲಾಯರ್‌ಗೆ ಇಲ್ಲ. ಆ ಒಂದು ವರ್ಷದೊಳಗೆ ಪರೀಕ್ಷೆ ಪಾಸಾಗಿ, ಕೆಲಸ ಹುಡುಕಿ, ಎಚ್-1ಬಿ ಆಯ್ಕೆಯಲ್ಲಿ ಹೆಸರು ಬರಬೇಕು. ಕೆಲಸ ಮಾಡಲು ಅನುಮತಿ ಇರುವ ಸಂಗಾತಿ ವೀಸಾ ಮೇಲೋ ಗ್ರೀನ್ ಕಾರ್ಡ್ ಮೇಲೋ ಹೋಗುವವರಿಗೆ ಈ ತಲೆನೋವು ಇಲ್ಲ. ಅಂಥವರು ಧೈರ್ಯವಾಗಿ ಹೊರಡಲಿ. ನಿಮ್ಮ ಸ್ಥಿತಿಯಲ್ಲಿ ಮನೆ ಅಡವಿಟ್ಟು ಎಲ್‌ಎಲ್‌ಎಂಗೆ ಹೋಗುವುದು ಈಗ ಬೇಡ ಎಂಬುದು ನನ್ನ ಅಭಿಪ್ರಾಯ.

ಬದಲಿಗೆ ಎರಡು ವರ್ಷ ಇಲ್ಲೇ ಈ ಕೆಲಸ ಕಲಿಯಿರಿ. ಬೆಂಗಳೂರಿನಲ್ಲಿ ಅಮೆರಿಕದ ಅರ್ಜಿಗಳ ಕರಡು ತಯಾರಿಸುವ ತಂಡಗಳಿವೆ, ಅಲ್ಲಿಯ ಲಾಯರ್‌ಗಳ ಉಸ್ತುವಾರಿಯಲ್ಲಿ ಕೆಲಸ. ಸಂಬಳ ಸುಮಾರು, ಕಲಿಕೆ ಭರ್ತಿ. ಐ-140 ಎಂದರೆ ಏನೆಂದು ಪುಸ್ತಕಕ್ಕಿಂತ ಅಲ್ಲೇ ಬೇಗ ಗೊತ್ತಾಗುತ್ತದೆ. ಅದು ಬೇಡ ಎಂದರೆ ಭಾರತದ್ದೇ ವಲಸೆ ಕಾನೂನು ಇದೆ. ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಹೊಸ ಕಾಯ್ದೆಯಲ್ಲಿ ಸೀನಿಯರ್, ಜೂನಿಯರ್ ಇಬ್ಬರೂ ಮೊದಲ ಪುಟದಿಂದಲೇ ಓದಬೇಕು, ಅದು ನಿಮಗೆ ಲಾಭ. ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ), ಓಸಿಐ (ವಿದೇಶಿ ಪೌರರಾದ ಭಾರತ ಮೂಲದವರ ಕಾರ್ಡ್) ಕೆಲಸ ಬೆಂಗಳೂರಿನಲ್ಲಿ ಬೇಕಾದಷ್ಟಿದೆ. ಮಂಗಳೂರು, ಉಡುಪಿ, ಭಟ್ಕಳ ಕಡೆ ಗಲ್ಫ್ ಕೆಲಸದ ಏಜೆಂಟರಿಂದ ಮೋಸ ಹೋದವರ ಕೇಸುಗಳಿವೆ. ಹೊರದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ಇರುವ 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಏಜೆಂಟರಿಗೆ ನೋಂದಣಿ ಕಡ್ಡಾಯ, ಆದರೂ ಅದನ್ನು ಕೇಳಿ ನೋಡಿ ಹಣ ಕೊಡುವವರು ಕಡಿಮೆ.

ಬೈಲಕುಪ್ಪೆಯನ್ನೂ ಮರೆಯಬೇಡಿ. 1960ರಲ್ಲಿ ಮೈಸೂರು ಸರ್ಕಾರ ಟಿಬೆಟನ್ನರಿಗೆ ಅಲ್ಲಿ ಜಾಗ ಕೊಟ್ಟಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ಹಾಗೆ ಹುಟ್ಟಿದ ಟಿಬೆಟನ್ನರಿಗೂ ಪಾಸ್‌ಪೋರ್ಟ್ ನಿರಾಕರಣೆ ಆಗುತ್ತಿತ್ತು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟವು. ಆ ಎರಡು ತೀರ್ಪು ಓದಿ. ದಿನಾಂಕವೊಂದರ ಮೇಲೆ ಇಡೀ ಕೇಸು ಹೇಗೆ ನಿಲ್ಲುತ್ತದೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಬ್ರಿಟನ್, ಕೆನಡಾದ ಬಗ್ಗೆ ಎರಡೇ ಮಾತು. ಅಲ್ಲಿ ವಕೀಲರಾಗದೆಯೂ ಈ ಕೆಲಸ ಮಾಡುವ ಕಾನೂನುಬದ್ಧ ದಾರಿ ಇದೆ. ಬ್ರಿಟನ್‌ನಲ್ಲಿ ನೋಂದಾಯಿತ ಇಮಿಗ್ರೇಷನ್ ಸಲಹೆಗಾರರು, ಕೆನಡಾದಲ್ಲಿ ಆರ್‌ಸಿಐಸಿ ಎಂಬ ಪರವಾನಗಿ ಪಡೆದ ಸಲಹೆಗಾರರು. ವಕೀಲರೇ ಆಗಬೇಕೆಂದರೆ ಇಂಗ್ಲೆಂಡ್, ವೇಲ್ಸ್‌ಗೆ ಎಸ್‌ಕ್ಯೂಇ ಎಂಬ ಸಾಲಿಸಿಟರ್ ಪರೀಕ್ಷೆ, ಕೆನಡಾಕ್ಕೆ ವಿದೇಶಿ ಕಾನೂನು ಪದವಿಯನ್ನು ಅಳೆಯುವ ಎನ್‌ಸಿಎ. ಅಮೆರಿಕದಲ್ಲೂ ಮಾನ್ಯತೆ ಪಡೆದ ಸೇವಾಸಂಸ್ಥೆಯಲ್ಲಿದ್ದರೆ ವಕೀಲರಲ್ಲದವರು ನ್ಯಾಯ ಇಲಾಖೆಯ ಅನುಮತಿ ಪಡೆದು ಕಕ್ಷಿದಾರರ ಪರ ನಿಲ್ಲಬಹುದು.

ಹಾಗಾದರೆ ಈ ತಿಂಗಳು ಮಾಡಬೇಕಾದದ್ದು? ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಆಗಿಲ್ಲದಿದ್ದರೆ ಮಾಡಿಸಿ, ಎಐಬಿಇ (ಅಖಿಲ ಭಾರತ ವಕೀಲರ ಪರೀಕ್ಷೆ) ಮುಗಿಸಿ. ಕ್ಯಾಲಿಫೋರ್ನಿಯಾ ಬಾಗಿಲು ತೆರೆಯುವುದು ಆ ನೋಂದಣಿಯಿಂದ. ನ್ಯೂಯಾರ್ಕ್ ಮಂಡಳಿಗೆ ಕಾಲೇಜಿನ ದಾಖಲೆಗಳು ವಿಶ್ವವಿದ್ಯಾಲಯದಿಂದಲೇ ನೇರ ಹೋಗಬೇಕು, ಅದಕ್ಕೆ ಹುಬ್ಬಳ್ಳಿಯಲ್ಲಿ ಈಗಲೇ ಅರ್ಜಿ ಕೊಟ್ಟಿಡಿ. ಹಾಗೇ ನಿಮ್ಮ ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ, ಡಿಗ್ರಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಒಂದೇ ಥರ ಇದೆಯಾ ನೋಡಿ. ಇಲ್ಲದಿದ್ದರೆ ಗೆಜೆಟ್ ಪ್ರಕಟಣೆಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಸೀನಿಯರ್ ಹತ್ತಿರ ಕೇಳಿಕೊಂಡು ಆ ಕೆಲಸ ಮೊದಲು ಮುಗಿಸಿ.