ಸಾಧು ಕುದುರೆಯೋ, ಸುಸ್ತಾದ ಕುದುರೆಯೋ?

"ಡಾಕ್ಟ್ರೇ, ನೀವು ಸೂಜಿ ಚುಚ್ಚಿ ನನ್ನ ಕುದ್ರೆ ಕೆಡಿಸ್ಬುಟ್ರಿ!"

ಪಾಂಡವಪುರ ಕಡೆಯ ರೈತರೊಬ್ಬರು ಫೋನಿನಲ್ಲಿ ಜಗಳಕ್ಕೇ ಬಂದಿದ್ದರು. ಮಗಳು ಸವಾರಿ ಕಲಿಯಲಿ ಅಂತ ಕುದುರೆ ಕೊಂಡಿದ್ದರು. ಮಾರಿದವನು "ಹಸು ಇದ್ದಂಗದೆ" ಅಂದಿದ್ದನಂತೆ. ಹಾಗೇ ಇತ್ತು ಕೂಡ. ಕಿವಿ ಹಿಡಿದರೂ ಸುಮ್ಮನೆ, ಬಾಲ ಎಳೆದರೂ ಸುಮ್ಮನೆ. ನಾನು ನೋಡಿದಾಗ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು, ಒಸಡು ಬಿಳಿಚಿಕೊಂಡಿತ್ತು, ಕಾಲು ಊದಿತ್ತು. ರಕ್ತ ಪರೀಕ್ಷೆಯಲ್ಲಿ ಸರ್ರಾ ಸಿಕ್ಕಿತು. ದೊಡ್ಡ ಕಚ್ಚುವ ನೊಣಗಳು ಹರಡುವ ಕಾಯಿಲೆ ಅದು. ಔಷಧಿ ಕೊಟ್ಟೆ, ಮೇವು ಚೆನ್ನಾಗಿ ಬಿತ್ತು. ಮೂರು ವಾರಕ್ಕೆ ಮೈ ತುಂಬಿತು, ಒದೆಯುವುದೂ ಶುರುವಾಯಿತು. ನಾನು ಕೆಡಿಸಿದ್ದಲ್ಲ. ಅದರ ಸ್ವಂತ ಗುಣ ಹೊರಗೆ ಬಂದಿತ್ತು, ಅಷ್ಟೇ.

ಅದಕ್ಕೇ ಮಾರಾಟಕ್ಕಿಟ್ಟ, ಪಕ್ಕೆಲುಬು ಕಾಣುವ ಕುದುರೆಯನ್ನು ಯಾರಾದರೂ ಸಾಧು ಅಂದರೆ ನಾನು ನಂಬುವುದಿಲ್ಲ. ಜೀನು ಹಾಕಿ, ಬೆವರಿ, ನಿಮಗಾಗಿ ಕಾದು ನಿಂತಿರುವ ಕುದುರೆಯನ್ನೂ ನಂಬಬೇಡಿ. ಆಗಲೇ ಓಡಿಸಿ ದಣಿಸಿರಬಹುದು. ತಲೆ ತಗ್ಗಿಸಿ, ಕೆಳತುಟಿ ಜೋತು ಹಾಕಿ ತೂಕಡಿಸುತ್ತಿದ್ದರೆ ಮಂಪರು ಔಷಧಿಯ ಅನುಮಾನವೂ ಇರಲಿ. ಇನ್ನೊಂದು ದಿನ ಹೇಳದೆ, ಬೆಳಿಗ್ಗೆ ಬೇಗ ಹೋಗಿ. ಲಾಯದಲ್ಲಿ ಹಿಡಿಯುವಾಗ ಮುಖ ತಿರುಗಿಸುತ್ತದಾ? ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದಾ? ನಾಲ್ಕೂ ಕಾಲು ಎತ್ತಲು ಬಿಡುತ್ತದಾ? ಮೊದಲು ಮಾರುವವನೇ ಹತ್ತಲಿ. ಆಮೇಲೆ ನೀವು ಹತ್ತಿ, ಜೊತೆ ಕುದುರೆಗಳನ್ನು ಬಿಟ್ಟು, ಮನೆಗೆ ಬೆನ್ನು ಹಾಕಿ ಅರ್ಧ ಮೈಲಿ ಹೋಗಿ. ಎಷ್ಟೋ ಕುದುರೆಗಳ ಬಣ್ಣ ಬಯಲಾಗುವುದು ಅಲ್ಲೇ.

ಹಿಂದೆ ಏನು ಕೆಲಸ ಮಾಡಿತ್ತು ಅಂತ ಕೇಳಿ. ಟಾಂಗಾ ಎಳೆದ ಕುದುರೆ ಬಸ್ಸಿನ ಹಾರನ್‌ಗೆ ಬೆಚ್ಚುವುದಿಲ್ಲ. ಆದರೆ ಅದು ಲೋಕ ನೋಡಿದ್ದು ಪಕ್ಕ, ಹಿಂದೆ ಕಾಣದಂತೆ ಕಣ್ಣಪಟ್ಟಿ ಕಟ್ಟಿಕೊಂಡು. ಪಟ್ಟಿ ತೆಗೆದರೆ ಬೆನ್ನ ಮೇಲೆ ಕೂತ ಮನುಷ್ಯನನ್ನೇ ಕಂಡು ಗಾಬರಿಯಾಗಬಹುದು. ಮದುವೆ ಕುದುರೆ ಬ್ಯಾಂಡು, ಪಟಾಕಿಗೆ ಜಗ್ಗುವುದಿಲ್ಲ, ಆದರೆ ಮುಂದೆ ಹಗ್ಗ ಹಿಡಿದವನಿಲ್ಲದೆ ಹೆಜ್ಜೆ ಇಡುವುದಿಲ್ಲ. ಇನ್ನು ರೇಸ್‌ನಿಂದ ಬಿಟ್ಟ ಕುದುರೆ. ನೋಡಲು ಚೆಂದ, ಕೆಲವೊಮ್ಮೆ ಅಗ್ಗ. ಲಗಾಮು ಬಿಗಿದರೆ ನಿಲ್ಲಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಇನ್ನೂ ಜೋರಾಗಿ ಓಡಬೇಕು ಅಂತ ಅದು ಅಂದುಕೊಳ್ಳುತ್ತದೆ! ಹೊಸಬರಿಗೆ ಬೇಡವೇ ಬೇಡ.

ವಯಸ್ಸಿನ ವಿಷಯ. ನಮ್ಮ ಮಂಡ್ಯದವರು ಎತ್ತಿನ ಹಲ್ಲು ನೋಡುವುದರಲ್ಲಿ ಪಳಗಿದವರು, ಆದರೆ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದನಕ್ಕೆ ಮೇಲೆ ಮುಂಬಲ್ಲೇ ಇಲ್ಲ. ಕುದುರೆಗೆ ಮೇಲೂ ಕೆಳಗೂ ಆರಾರು. 5 ವರ್ಷಕ್ಕೆ ಬಾಯಿಗೂಡುತ್ತದೆ, ಅಂದರೆ ಹಾಲುಹಲ್ಲು ಹೋಗಿ ಮುಂಬಲ್ಲೆಲ್ಲ ಹೊಸದಾಗಿರುತ್ತದೆ. 10ರ ಸುಮಾರಿಗೆ ಮೇಲಿನ ಸಾಲಿನ ಕಡೆಯ ಮುಂಬಲ್ಲಿನಲ್ಲಿ, ಒಸಡಿನ ಹತ್ತಿರ ಒಂದು ಗೀರು ಕಾಣಿಸಿಕೊಳ್ಳುತ್ತದೆ. 15ಕ್ಕೆ ಅರ್ಧ ಹಲ್ಲಿಗೆ ಇಳಿಯುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ. ಅಂದಾಜು ಲೆಕ್ಕ, ಆದರೆ ಮಾರುವವನ ಬಾಯಿಗಿಂತ ಮೇಲು. ಕಲಿಯುವವರಿಗೆ 8ರಿಂದ 15ರೊಳಗಿನ, ಬೀಜ ತೆಗೆಸಿದ ಗಂಡು ಕುದುರೆಯನ್ನೇ ನಾನು ಹೇಳುವುದು.

ಸುಳಿ ನೋಡುವವರು ಜಾಸ್ತಿ, ಗೊರಸು ನೋಡುವವರು ಕಮ್ಮಿ. ಹಣೆಯ ಸುಳಿ ನಿಮ್ಮನ್ನು ಬೀಳಿಸುವುದಿಲ್ಲ, ಬಿರಿದ ಗೊರಸು ಬೀಳಿಸೀತು. ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಟ್ರಾಟ್, ಅಂದರೆ ಕುಲುಕು ಓಟ ಓಡಿಸಿ, ತಲೆ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೆ ಎತ್ತುತ್ತದೆ.

ಮುಂಗಡ ಕೊಡುವ ಮುಂಚೆ ಗ್ಲ್ಯಾಂಡರ್ಸ್ ರಕ್ತ ಪರೀಕ್ಷೆ ಮಾಡಿಸಿ. ಮನುಷ್ಯರಿಗೂ ಹರಡುವ ರೋಗ ಇದು. ಖಚಿತವಾದರೆ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ, ಹಣವೂ ಹೋದಂತೆ. "ಪರೀಕ್ಷೆ ಯಾಕೆ, ನಂಬಿಕೆ ಇಲ್ವಾ?" ಅಂದರೆ ಬೆಲೆ ಮಾತಾಡಲು ಟವೆಲ್ ಕೆಳಗೆ ಇಟ್ಟ ಬೆರಳು ಹಿಂದೆ ತಗೊಂಡು ಮನೆಗೆ ಬನ್ನಿ.

ಕೊಂಡಾಯಿತಾ? ಧನುರ್ವಾಯು ಲಸಿಕೆ ಆಗಿದೆಯಾ ಕೇಳಿ, ಇಲ್ಲದಿದ್ದರೆ ಬಂದ ದಿನವೇ ಹಾಕಿಸಿ. ಪ್ರೀತಿ ಉಕ್ಕಿ ಮೊದಲ ದಿನವೇ ಬಕೆಟ್ ತುಂಬ ಹುರುಳಿ ಇಡಬೇಡಿ, ಹೊಟ್ಟೆಶೂಲೆ ಬರುತ್ತದೆ. ಅಲ್ಲಿ ತಿನ್ನುತ್ತಿದ್ದ ಮೇವನ್ನೇ ಒಂದು ವಾರಕ್ಕಾಗುವಷ್ಟು ಮಾರಿದವರಿಂದ ಕೇಳಿ ತನ್ನಿ.