ಕಡಲೆಕಾಯಿ–ತೊಗರಿ ಅಕ್ಕಡಿ (ಅಂತರಬೆಳೆ): ಜೀವಾಣು ಗೊಬ್ಬರ ಎಲ್ಲಿ ಸಾಯುತ್ತದೆ?

ಪಾವಗಡ, ಶಿರಾ, ಮಧುಗಿರಿ ಕಡೆಯ ಕೆಂಪು ಮರಳು ಹೊಲಗಳಲ್ಲಿ ‘ರೈಜೋಬಿಯಂ ಹಾಕಿದೆವು, ವ್ಯತ್ಯಾಸ ಕಾಣಲಿಲ್ಲ’ ಎನ್ನುವ ರೈತರು ಬಹಳ. ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಈ ಜೀವಾಣು ಹೆಚ್ಚಿನ ಸಲ ಬಿತ್ತನೆಗೆ ಮೊದಲೇ ಸತ್ತಿರುತ್ತದೆ. ತಗಡಿನ ಚಾವಣಿ ಕೆಳಗೆ ಬೇಸಿಗೆ ಕಳೆದ ಪೊಟ್ಟಣ, ಬಿಸಿಲಲ್ಲಿ ಒಣಗಿಸಿದ ಬೀಜ, ಡಿಎಪಿ ರಸಗೊಬ್ಬರದ ಜೊತೆ ಒಂದೇ ಮಂಕರಿಯಲ್ಲಿ ಕಲಸಿದ್ದು, ಇವುಗಳಲ್ಲಿ ಒಂದಾದರೂ ನಡೆದಿರುತ್ತದೆ.

ಎಕರೆಗೆ ಬೇಕಾಗುವ 40–50 ಕೆ.ಜಿ. ಕಡಲೆಕಾಯಿ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಸಾಕು. ಕಡಲೆ ಬೆಳೆಯ ಪೊಟ್ಟಣ ತರಬೇಡಿ; ಆ ಜೀವಾಣು ಕಡಲೆಕಾಯಿ ಬೇರಲ್ಲಿ ಗಂಟು ಕಟ್ಟುವುದಿಲ್ಲ. 50 ಗ್ರಾಂ ಬೆಲ್ಲವನ್ನು ಅರ್ಧ ಲೀಟರ್ ನೀರಲ್ಲಿ ಕುದಿಸಿ, ಪೂರ್ತಿ ಆರಿದ ಮೇಲೆ ಪುಡಿ ಬೆರೆಸಿ. ಬೀಜವನ್ನು ಟಾರ್ಪಾಲಿನ್ ಮೇಲೆ ಹರಡಿ, ದ್ರಾವಣ ಚಿಮುಕಿಸಿ, ತುದಿಗಳನ್ನು ಎತ್ತಿ ಹೊರಳಿಸಿ. ಕೈಯಲ್ಲಿ ಉಜ್ಜಬೇಡಿ. ತೆಳು ಸಿಪ್ಪೆ ಕಿತ್ತು ಬಂದರೆ ಮೊಳಕೆ ಕುಂದುತ್ತದೆ, ಕೊಳೆರೋಗ ಸುಲಭವಾಗಿ ಒಳನುಗ್ಗುತ್ತದೆ. ನೆರಳಲ್ಲಿ ಅರ್ಧ ಗಂಟೆ ಆರಿಸಿ ಅಂದೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಶಿಲೀಂಧ್ರನಾಶಕದ ಬದಲು ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಹಚ್ಚುವುದೇ ಮೇಲು ಎಂಬುದು ನನ್ನ ಸಲಹೆ.

ರಂಜಕ ಕರಗಿಸುವ ಜೀವಾಣುವಿನ ದಾರಿ ಬೇರೆ. 2 ಕೆ.ಜಿ. ಪುಡಿಯನ್ನು 100 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿ ಒಂದು ವಾರ ಇಟ್ಟು, ಹದವಿರುವ ಸಾಲಿಗೆ ಹಾಕಿ. ಬರೀ ಮರಳಿಗೆ ಎರಚಿದರೆ ಅದಕ್ಕೆ ತಿನ್ನಲು ಏನೂ ಇಲ್ಲ.

ಬಿತ್ತನೆ ಜುಲೈ ಮುಗಿಯುವುದರೊಳಗೆ ಆಗಲಿ. ಸಾಲಿನಿಂದ ಸಾಲಿಗೆ 30 ಸೆಂ.ಮೀ. ಇಟ್ಟು ಕೂರಿಗೆಯಲ್ಲಿ ಎಂಟು ಸಾಲು ಕಡಲೆಕಾಯಿ, ಸಡ್ಡೆಯಲ್ಲಿ (ಕೂರಿಗೆಯ ಹಿಂದೆ ಎಳೆಯುವ ಬಿತ್ತನೆ ಕೊಳವೆ) ಒಂದು ಸಾಲು ತೊಗರಿ. ಬಿಆರ್‌ಜಿ-2 ತಳಿಯ ತೊಗರಿ ಎಕರೆಗೆ ಒಂದೂವರೆ–ಎರಡು ಕೆ.ಜಿ. ಸಾಕು, ಅದಕ್ಕೂ ರೈಜೋಬಿಯಂ ಹಚ್ಚಿ. ಮೊದಲೆರಡು ತಿಂಗಳು ತೊಗರಿ ನಿಧಾನವಾಗಿ ಬೆಳೆಯುವುದರಿಂದ ಪೈಪೋಟಿ ಇರದು. ಕಡಲೆಕಾಯಿ ಕಿತ್ತ ಮೇಲೆ ಸಿಗುವ ಜಾಗ ಮತ್ತು ಹಿಂಗಾರು ಮಳೆಯಲ್ಲಿ ಕವಲೊಡೆಯುತ್ತದೆ. ಆಸೆಬಿದ್ದು ನಾಲ್ಕು ಸಾಲಿಗೊಂದು ತೊಗರಿ ಹಾಕಿದರೆ ನೆರಳಾಗಿ ಕಡಲೆಕಾಯಿ ಸೊರಗುತ್ತದೆ.

ಮಳೆಯಾಶ್ರಿತ ಕಡಲೆಕಾಯಿಗೆ ಎಕರೆಗೆ 10:20:10 ಕೆ.ಜಿ. ಸಾರಜನಕ, ರಂಜಕ, ಪೊಟ್ಯಾಷ್ ಶಿಫಾರಸು. ಎಲೆ ಹಳದಿಯಾಯಿತೆಂದು ಮೇಲೆ ಯೂರಿಯಾ ಎರಚಬೇಡಿ. ಪುಕ್ಕಟೆ ಸಾರಜನಕ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. 35ನೇ ದಿನದ ಹೊತ್ತಿಗೆ ನಾಲ್ಕೈದು ಗಿಡ ಪರೀಕ್ಷಿಸಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ, ಗುದ್ದಲಿಯಿಂದ ಅಗೆದು ನೀರಲ್ಲಿ ಅಲುಗಿಸಿ ತೊಳೆಯಿರಿ. ಗಂಟನ್ನು ಉಗುರಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. ವರ್ಷವರ್ಷ ಕಡಲೆಕಾಯಿ ಬೆಳೆದ ಹೊಲದಲ್ಲಿ ಸ್ಥಳೀಯ ಜೀವಾಣುಗಳೇ ಸಾಕಷ್ಟು ಇರಬಹುದು, ಅಲ್ಲಿ ಪೊಟ್ಟಣದ ಲಾಭ ಕಡಿಮೆ. ಬೀಳುಬಿದ್ದ ನೆಲದಲ್ಲಿ ಹೆಚ್ಚು.

ಇದೇ ಹೊತ್ತಿಗೆ ಎಕರೆಗೆ 200 ಕೆ.ಜಿ. ಜಿಪ್ಸಂ ಹಾಕಿ ಎಡೆಕುಂಟೆ ಹೊಡೆದು ಮಣ್ಣೇರಿಸಿ. ಊಡು (ಹೂವಿನಿಂದ ಇಳಿದು ಮಣ್ಣಲ್ಲಿ ಕಾಯಿ ಕಟ್ಟುವ ಕಡ್ಡಿ) ಮಣ್ಣಿಗಿಳಿದ ಮೇಲೆ ಕುಂಟೆ ಬೇಡ.

ಇನ್ನು, ಮುಂದಿನ ರಾಗಿಗೆ ಸಾರಜನಕ ಉಳಿಯುತ್ತದೆಂಬ ಮಾತು ಅರ್ಧ ನಿಜ. ಕಡಲೆಕಾಯಿ ಬಳ್ಳಿಯನ್ನೆಲ್ಲ ದನಕ್ಕೆ ಸಾಗಿಸಿದರೆ ಗಂಟುಗಳು ಗಾಳಿಯಿಂದ ಹಿಡಿದ ಸಾರಜನಕದಲ್ಲಿ ಬಹುಪಾಲು ಹೊಲ ಬಿಟ್ಟು ಹೋಗುತ್ತದೆ. ಹೊಲಕ್ಕೆ ದಕ್ಕುವುದು ತೊಗರಿ ಉದುರಿಸಿದ ಎಲೆ ಮತ್ತು ಬೇರು. ಆದ್ದರಿಂದ ಆ ದನದ ಗೊಬ್ಬರ ಅದೇ ಹೊಲಕ್ಕೆ ಬರಲಿ. ತೊಗರಿಯನ್ನು ಬುಡಸಮೇತ ಕೀಳದೆ ಕುಡುಗೋಲಿನಿಂದ ಕೊಯ್ಯಿರಿ.