ಲರ್ಚರ್ ನಾಯಿಯ ತಳಿಲೆಕ್ಕ

ಜನವರಿಯ ಒಂದು ಬೆಳಗ್ಗೆ, ಇಂಗ್ಲೆಂಡಿನ ಉತ್ತರ ತುದಿಯ ನಾರ್ತಂಬರ್ಲೆಂಡ್‌ನಲ್ಲಿ, ಗೋಧಿಯ ಎಳೆ ಪೈರಿನ ಅಂಚಿಗಿದ್ದ ಮುಳ್ಳುಬೇಲಿಯ ಪಕ್ಕ ನಿಂತು ಒಂದು ನಾಯಿಯನ್ನು ನೋಡುತ್ತಿದ್ದೆ. ಮೊಣಕಾಲಿಗಿಂತ ತುಸು ಎತ್ತರದ ಹೆಣ್ಣು ನಾಯಿ. ಬೂದಿ ಬಣ್ಣ, ಒರಟು ಕೂದಲು, ಮೂತಿಯ ಸುತ್ತ ಕುರುಚಲು ಗಡ್ಡ. ಬೇಲಿಯುದ್ದಕ್ಕೂ ಒಂದೊಂದೇ ಬಿಲವನ್ನು ಮೂಸುತ್ತ ಬಂತು. ಮೊದಲಿನ ಎರಡನ್ನು ಕ್ಷಣವೂ ನಿಲ್ಲದೆ ದಾಟಿತು. ಮೂರನೆಯದರ ಬಾಯಲ್ಲಿ ನಿಂತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮುಂಗಾಲೊಂದನ್ನು ಎತ್ತಿಕೊಂಡು ಅಲ್ಲಾಡದೆ ಉಳಿಯಿತು. ಬೊಗಳಲಿಲ್ಲ, ಕೆರೆಯಲಿಲ್ಲ. ಅದರ ಯಜಮಾನ, ಕಲ್ಲಿದ್ದಲು ಗಣಿಯಲ್ಲಿ ದುಡಿದವರ ಮನೆತನದ ಹಿರಿಯ, ಸದ್ದಿಲ್ಲದೆ ಬಿಲದ ಬಾಯಿಗಳಿಗೆ ಸಣ್ಣ ಬಲೆಗಳನ್ನು ಹಾಸಿ, ಮುಂಗುಸಿಯ ಹಾಗೆ ತೆಳ್ಳಗೆ ಉದ್ದಕ್ಕಿದ್ದ ಫೆರೆಟ್ ಎಂಬ ಸಾಕುಪ್ರಾಣಿಯೊಂದನ್ನು, ಮೊಲಗಳನ್ನು ಹೊರಗಟ್ಟಲು, ಒಳಗೆ ಬಿಟ್ಟ. ನೆಲದೊಳಗೆ ಧಪ್ ಧಪ್ ಎಂದು ಹಿಂಗಾಲು ಬಡಿದ ಸದ್ದು. ಬಲೆ ಹಾಕಲು ತಪ್ಪಿಹೋಗಿದ್ದ ಒಂದು ಕಂಡಿಯಿಂದ ಮೊಲ ಹಾರಿತು. ಎರಡು ಸಲ ಅಡ್ಡಕ್ಕೆ ತಿರುಗಿತು. ನಾಯಿಯೂ ಎರಡು ಸಲ ತಿರುಗಿತು. ಮೂವತ್ತು ಹೆಜ್ಜೆಯೊಳಗೆ ಎಲ್ಲವೂ ಮುಗಿದಿತ್ತು. ಮೊಲವನ್ನು ಬಾಯಲ್ಲಿ ಮೆತ್ತಗೆ ಹಿಡಿದು, ಜೀವಂತವಾಗಿಯೇ ತಂದು ಆತನ ಕೈಗೆ ಕೊಟ್ಟಿತು.

ಇದು ಲರ್ಚರ್. ಲರ್ಚರ್ ಎಂಬುದು ಒಂದು ತಳಿಯ ಹೆಸರಲ್ಲ. ಕಣ್ಣಿನಿಂದ ಬೇಟೆ ಗುರುತಿಸಿ ಓಡಿ ಹಿಡಿಯುವ ಗ್ರೇಹೌಂಡ್, ವಿಪ್ಪೆಟ್‌ನಂಥ ನಾಯಿಗಳನ್ನು ಕುರಿ ಕಾಯುವ ಕೋಲಿ ಅಥವಾ ಬಿಲ ಹುಡುಕುವ ಟೆರಿಯರ್ ಜೊತೆ ಕೂಡಿಸಿ ಪಡೆದ ಮಿಶ್ರತಳಿಗಳಿಗೆಲ್ಲ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಹೇಳುವ ಹೆಸರು. ಬಡವನ ನಾಯಿ ಇದು. 1570ರಲ್ಲಿ ಬ್ರಿಟನ್ನಿನ ನಾಯಿಗಳ ಬಗ್ಗೆ ಬರೆದ ವೈದ್ಯ ಜಾನ್ ಕೀಸ್, ರಾತ್ರಿ ಹೊತ್ತು ಬೊಗಳದೆ, ಗಾಳಿಗೆದುರಾಗಿ ಮೂಸುತ್ತ ಮೊಲ ಹಿಡಿದು ತರುವ ‘ಕಳ್ಳ ನಾಯಿ’ಯೊಂದನ್ನು ಬಣ್ಣಿಸಿದ್ದಾನೆ. ನೂರು ವರ್ಷಗಳ ನಂತರ, 1671ರಲ್ಲಿ ಬಂದ ಬೇಟೆ ಕಾಯ್ದೆಯು ಜಮೀನಿನಿಂದ ವರ್ಷಕ್ಕೆ 100 ಪೌಂಡ್ ಆದಾಯವಿಲ್ಲದವರ ಮನೆಯಿಂದ ಕಸಿದುಕೊಳ್ಳಬಹುದಾದ ವಸ್ತುಗಳ ಪಟ್ಟಿ ಮಾಡಿತು. ಬಂದೂಕು, ಬಿಲ್ಲು, ಫೆರೆಟ್, ಬಲೆಗಳ ಜೊತೆಗೆ ಆ ಪಟ್ಟಿಯಲ್ಲಿ ಲರ್ಚರ್ ಕೂಡ ಇದೆ. ಹಸಿದವನ ಪಾತ್ರೆಗೆ ಮಾಂಸ ತರುವ ನಾಯಿಯನ್ನು ಕಂಡರೆ ಜಮೀನ್ದಾರರಿಗೆ ಎಷ್ಟು ಭಯವಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ನಾವು ಎರಡು ಪ್ರಾಣಿಗಳನ್ನೂ ಮೊಲ ಎಂದೇ ಕರೆಯುತ್ತೇವೆ. ನಮ್ಮ ಹೊಲಗಳಲ್ಲಿ ಕಾಣುವ ಕಾಡುಮೊಲ ಬಿಲ ತೋಡುವುದಿಲ್ಲ, ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು ಇರುತ್ತವೆ. ಯುರೋಪಿನ ಬಿಲಮೊಲದ ಮರಿ ಕಣ್ಣು ಮುಚ್ಚಿಕೊಂಡು, ಬರಿಮೈಯಲ್ಲಿ, ನೆಲದೊಳಗೆ ಹುಟ್ಟುತ್ತದೆ. ಈ ಲೇಖನದ ಮೊಲ ಎರಡನೆಯದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಫೆಬ್ರುವರಿಯಿಂದ ಕಾಡುಪ್ರಾಣಿಗಳನ್ನು ನಾಯಿ ಬಿಟ್ಟು ಬೇಟೆಯಾಡುವುದು ಅಪರಾಧ. ಆದರೆ ಪೈರು ತಿನ್ನುವ ಬಿಲಮೊಲಕ್ಕೆ, ಜಮೀನಿನ ಒಡೆಯನ ಒಪ್ಪಿಗೆಯಿದ್ದರೆ, ವಿನಾಯಿತಿ ಇದೆ. ಕಾಡುಮೊಲದ ಹಿಂದೆ ನಾಯಿ ಬಿಡುವುದು ಅಲ್ಲಿಯೂ ಅಪರಾಧವೇ. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಮೊಲವನ್ನು ಕಾಪಾಡುತ್ತದೆ. ಹಾಗಾಗಿ ಇದನ್ನು ಓದಿ ಯಾರೂ ಹೊಲಕ್ಕೆ ನಾಯಿ ಬಿಡಬಾರದು. ನನಗೆ ಹೇಳಬೇಕಾಗಿರುವುದು ಈ ನಾಯಿಯ ಮೈಯಲ್ಲಿ ಬೆಸೆದುಕೊಂಡಿರುವ ವಂಶವಾಹಿಗಳ ಕಥೆಯನ್ನು.

ಮೊಲ ಹಿಡಿಯಲು ಎಲ್ಲಕ್ಕಿಂತ ವೇಗದ ನಾಯಿಯೇ ಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರಿಗೂ ಮಿಗಿಲಾಗಿ ಓಡುತ್ತದೆ. ಆಳವಾದ ಎದೆ, ಒಳಸರಿದ ಹೊಟ್ಟೆ, ಉದ್ದ ಮೂತಿ: ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿದವರಿಗೆ ಈ ಮೈಕಟ್ಟು ಹೊಸದಲ್ಲ. ಪೂರ್ಣ ಓಟದಲ್ಲಿ ಪ್ರತಿ ಜಿಗಿತಕ್ಕೂ ಎರಡು ಸಲ, ಮೈ ಮುದುಡಿದಾಗೊಮ್ಮೆ, ಚಾಚಿದಾಗೊಮ್ಮೆ, ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ದೇಹದ ತೂಕಕ್ಕೆ ಹೋಲಿಸಿದರೆ ಅದರ ಹೃದಯ ಬೇರೆ ನಾಯಿಗಳದ್ದಕ್ಕಿಂತ ದೊಡ್ಡದು, ರಕ್ತದಲ್ಲಿ ಕೆಂಪು ಕಣಗಳ ಪಾಲೂ ಹೆಚ್ಚು. ಆದರೆ ಮೊಲ ಮೇಯುವುದು ತನ್ನ ಬಿಲದ ಸುತ್ತಮುತ್ತಲೇ. ಅಪಾಯ ಕಂಡ ಮೊಲಕ್ಕೆ ಓಡಬೇಕಾದ ದೂರ ಹತ್ತಾರು ಮೀಟರ್ ಅಷ್ಟೆ. ಗ್ರೇಹೌಂಡ್ ತನ್ನ ಪೂರ್ಣ ವೇಗಕ್ಕೆ ಏರುವಷ್ಟರಲ್ಲಿ ಮೊಲ ಬೇಲಿಯೊಳಗೆ ಸೇರಿರುತ್ತದೆ.

ತಿರುವಿನ ಲೆಕ್ಕ ಇನ್ನೂ ಕಠಿಣ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಓಡುವ 30 ಕಿಲೋ ತೂಕದ ನಾಯಿ 10 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ, ಅದರ ಕಾಲುಗಳ ಮೇಲೆ ಅಡ್ಡಕ್ಕೆ ಬೀಳುವ ಹೊರೆ ಸುಮಾರು 69 ಕಿಲೋ ತೂಕಕ್ಕೆ ಸಮ, ಅಂದರೆ ಅದರ ಮೈತೂಕದ ಎರಡೂಕಾಲು ಪಟ್ಟಿಗೂ ತುಸು ಹೆಚ್ಚು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಹೊರೆ ಕಾಲುಭಾಗಕ್ಕೆ ಇಳಿಯುತ್ತದೆ. ರೇಸ್ ಮೈದಾನದ ಗ್ರೇಹೌಂಡ್‌ಗಳು ತಿರುವಿನಲ್ಲಿ ಕಾಲುಗಳ ಮೇಲೆ 65 ಶೇಕಡದಷ್ಟು ಹೆಚ್ಚುವರಿ ಹೊರೆ ಬಿದ್ದರೂ ವೇಗ ತಗ್ಗಿಸುವುದಿಲ್ಲ ಎಂದು ಬ್ರಿಟನ್ನಿನ ಸಂಶೋಧಕರು 2005ರಲ್ಲಿ ತೋರಿಸಿದರು. ಅದು ಹದ ಮಾಡಿದ ಮರಳಿನ ಮೇಲೆ, ಅಗಲವಾದ ತಿರುವಿನಲ್ಲಿ. ಕಲ್ಲು, ಹೂಟೆಯ ಹೆಂಟೆ, ಇಬ್ಬನಿ ಹಿಡಿದ ಹುಲ್ಲಿನ ಮೇಲೆ ಅದೇ ಧೈರ್ಯ ಮಾಡಿದ ನಾಯಿಯ ಬೆರಳ ಸಂದು ಜಾರುತ್ತದೆ, ಮಣಿಕಟ್ಟು ಮುರಿಯುತ್ತದೆ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದಾಗ ಮೂಳೆ ಮತ್ತು ಸ್ನಾಯುವಿನ ಬಲ ಹೆಚ್ಚು. ತೂಕವು ಎತ್ತರದ ಘನದಂತೆ ಏರಿದರೆ, ಮೂಳೆಯ ಅಡ್ಡಕೊಯ್ತದ ಹರವು ವರ್ಗದಂತೆ ಮಾತ್ರ ಏರುತ್ತದೆ. ಹನ್ನೆರಡು ಹದಿನೈದು ಕಿಲೋದ ನಾಯಿ ಬೇಲಿಯಂಚಿನ ಮೊಲಕ್ಕೆ ಸರಿಹೋಗುವುದು ಇದೇ ಕಾರಣಕ್ಕೆ. ವಿಪ್ಪೆಟ್ ಮತ್ತು ಬೆಡ್ಲಿಂಗ್ಟನ್ ಟೆರಿಯರ್‌ಗಳ ಕೂಡಿಕೆ ಉತ್ತರ ಇಂಗ್ಲೆಂಡಿನ ಗಣಿ ಊರುಗಳಲ್ಲಿ ಮನೆಮಾತಾದದ್ದು ಸುಮ್ಮನೆ ಅಲ್ಲ. ಬೆಡ್ಲಿಂಗ್ಟನ್ ನಾರ್ತಂಬರ್ಲೆಂಡ್‌ನದೇ ಒಂದು ಊರಿನ ಹೆಸರು. ನಾನು ನೋಡಿದ ಆ ಬೂದಿ ನಾಯಿ ಈ ಎರಡರ ಮಗಳು.

ಬಯಲು ದೊಡ್ಡದಿದ್ದು, ರಾತ್ರಿ ದೀಪ ಹಿಡಿದು ದೂರದ ಮೊಲಗಳನ್ನು ಹುಡುಕುವವರು ತುಸು ಎತ್ತರದ, ಗ್ರೇಹೌಂಡ್ ಮತ್ತು ಕೋಲಿಯ ಬೆರಕೆಯನ್ನು ಬಯಸುತ್ತಾರೆ. ಕೋಲಿಯಿಂದ ಏನು ಬರುತ್ತದೆ ಎಂದು ಕೇಳಿದರೆ ‘ಬುದ್ಧಿ’ ಎನ್ನುತ್ತಾರೆ. ಇದನ್ನು ಇನ್ನೂ ನಿಖರವಾಗಿ ಹೇಳಬಹುದು. ತೋಳನ ಬೇಟೆಯಲ್ಲಿ ನೋಡುವುದು, ಹೊಂಚುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು ಒಂದಕ್ಕೊಂದು ಕೊಂಡಿಯಾಗಿ ಬರುತ್ತವೆ. ಮನುಷ್ಯ ಪ್ರತಿಯೊಂದು ಕೆಲಸಗಾರ ನಾಯಿಯಲ್ಲೂ ಈ ಸರಪಳಿಯ ಕೆಲವು ಕೊಂಡಿಗಳನ್ನು ದಪ್ಪ ಮಾಡಿ ಕೆಲವನ್ನು ಸವೆಸಿದ್ದಾನೆ. ಕೋಲಿ ದಿಟ್ಟಿಸುತ್ತದೆ, ಹೊಂಚುತ್ತದೆ, ಬೆನ್ನಟ್ಟುತ್ತದೆ, ಆದರೆ ಕಚ್ಚುವ ಮುನ್ನ ತಡೆಯುತ್ತದೆ. ಗ್ರೇಹೌಂಡ್‌ನಲ್ಲಿ ಬೆನ್ನಟ್ಟಿ ಹಿಡಿಯುವ ಕೊಂಡಿಗಳು ಬಲವಾಗಿವೆ, ಕರೆದರೆ ಕೇಳಿಸಿಕೊಳ್ಳುವ ಕಿವಿ ಮಾತ್ರ ಓಟದ ನಡುವೆ ಮುಚ್ಚಿಹೋಗುತ್ತದೆ. ಇವೆರಡನ್ನೂ ಕೂಡಿಸಿದಾಗ ಹಿಡಿದದ್ದನ್ನು ಹರಿಯದೆ ತರುವ ನಾಯಿ ಸಿಗಬಹುದು.

‘ಸಿಗಬಹುದು’ ಎಂದೇ ಹೇಳಬೇಕು. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದೊಂದು ನಾಯಿಯ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು 9 ಶೇಕಡವನ್ನು ಮಾತ್ರ ತಳಿ ವಿವರಿಸುತ್ತದೆ ಎಂದು ಕಂಡುಕೊಂಡಿತು. ತಳಿಯೊಂದಿಗೆ ಎಲ್ಲಕ್ಕಿಂತ ಹೆಚ್ಚು ಅಂಟಿಕೊಂಡು ಬರುವ ಗುಣ ಮನುಷ್ಯನ ಮಾತಿಗೆ ಓಗೊಡುವುದು. ಕೋಲಿಯ ರಕ್ತ ಹುಡುಕುವ ಬೇಟೆಗಾರರ ಅನುಭವ ಆ ಮಟ್ಟಿಗೆ ಸರಿ. ಮಿಕ್ಕದ್ದಕ್ಕೆ ತಳಿಯ ಹೆಸರಿಗಿಂತ ಕಣ್ಣೆದುರಿನ ತಾಯಿ ತಂದೆಯರು ಹೊಲದಲ್ಲಿ ಏನು ಮಾಡುತ್ತಾರೆ ಎಂಬುದನ್ನು ನೋಡಿ ಮರಿ ಆರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಈಗ ತಳಿಸಂಕರದ ತಿರುಳಿಗೆ ಬರೋಣ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರ್ಕಿ ಅವರು 1972ರಲ್ಲಿ ಹೊರತಂದ ವರಲಕ್ಷ್ಮಿ ಹತ್ತಿಯನ್ನು ನಮ್ಮ ಹಿರಿಯ ರೈತರು ಮರೆತಿರಲಾರರು. ಹತ್ತಿಯ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ಪಡೆದ ಹೈಬ್ರಿಡ್ ಅದು. ಅದರ ಬೀಜವನ್ನು ಎತ್ತಿಟ್ಟುಕೊಂಡು ಮರುವರ್ಷ ಬಿತ್ತಿದರೆ ಮೊದಲಿನ ಬೆಳೆ ಬರುತ್ತಿರಲಿಲ್ಲ. ಪ್ರತಿ ವರ್ಷವೂ ಮೂಲದ ಎರಡು ಗಿಡಗಳಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಿ ಹೊಸ ಬೀಜ ತೆಗೆಯಬೇಕಿತ್ತು. ಲರ್ಚರ್ ಕೂಡ ಹೀಗೆಯೇ. ವಿಪ್ಪೆಟ್ ಮತ್ತು ಬೆಡ್ಲಿಂಗ್ಟನ್‌ನ ಮೊದಲ ಕೂಡಿಕೆಯಲ್ಲಿ ಹುಟ್ಟಿದ ಮರಿಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಎರಡು ತಳಿಗಳ ವಂಶವಾಹಿಗಳು, ಅಂದರೆ ಜೀನ್‌ಗಳು, ಬೇರೆಯಾಗಿರುವ ಒಂದೊಂದು ಜಾಗದಲ್ಲೂ ಎಲ್ಲ ಮರಿಗಳಿಗೆ ಅಪ್ಪನದೊಂದು, ಅಮ್ಮನದೊಂದು ಪ್ರತಿ ಬಂದಿರುತ್ತದೆ. ಆ ಮರಿಗಳನ್ನೇ ತಮ್ಮತಮ್ಮೊಳಗೆ ಕೂಡಿಸಿದರೆ ಒಂದೊಂದು ಜಾಗದಲ್ಲಿ ಅದೇ ಜೋಡಿ ಮತ್ತೆ ಬರುವ ಸಾಧ್ಯತೆ ಅರ್ಧ. ಹತ್ತು ಜಾಗಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೂ ತಾಯಿಯ ಪಡಿಯಚ್ಚಿನ ಮರಿ ಹುಟ್ಟುವ ಸಾಧ್ಯತೆ 1,024ರಲ್ಲಿ ಒಂದು. ಓಟ, ಎತ್ತರ, ಸ್ವಭಾವಗಳ ಹಿಂದಿರುವ ಜಾಗಗಳು ಹತ್ತಲ್ಲ, ಅದಕ್ಕಿಂತ ಬಹಳ ಹೆಚ್ಚು.

ಕೂದಲಿನಲ್ಲಿ ಇದು ಬರಿಗಣ್ಣಿಗೆ ಕಾಣುತ್ತದೆ. ನಾಯಿಗಳ ಕೂದಲಿನ ವೈವಿಧ್ಯದ ಬಹುಪಾಲನ್ನು ಮೂರೇ ಜೀನ್‌ಗಳು ನಿರ್ಧರಿಸುತ್ತವೆ ಎಂದು 2009ರಲ್ಲಿ ತಿಳಿಯಿತು. ಗಡ್ಡ ಮೀಸೆಯ ಜೀನ್‌ನ ಒಂದು ಪ್ರತಿ ಬಂದರೂ ಸಾಕು, ಗಡ್ಡ ಮೂಡುತ್ತದೆ. ಉದ್ದ ಕೂದಲಿಗೆ ಎರಡು ಪ್ರತಿ ಬೇಕು. ಹಾಗಾಗಿ ಬೆಡ್ಲಿಂಗ್ಟನ್‌ನ ಮೊದಲ ಸಂತತಿಗೆ ಗಡ್ಡವಿರುವ, ಗಿಡ್ಡನೆಯ, ಒರಟು ಕೂದಲು ಬರುತ್ತದೆ. ಮುಂದಿನ ಪೀಳಿಗೆಯಲ್ಲಿ ನುಣುಪು ಮೈಯವು, ಉದ್ದ ಕೂದಲಿನವು, ಗಡ್ಡದವು ಎಲ್ಲ ಕೆದರಿಕೊಳ್ಳುತ್ತವೆ. ಒರಟು ಕೂದಲು ಅಲಂಕಾರಕ್ಕಲ್ಲ. ಗ್ರೇಹೌಂಡ್ ಜಾತಿಯ ನಾಯಿಗಳ ಚರ್ಮ ತೀರ ತೆಳು. ಪಶುವೈದ್ಯನಾಗಿ ನಾನು ಮುಳ್ಳುತಂತಿಗೆ ಸಿಕ್ಕಿ ಒಂದು ಗೇಣು ಉದ್ದಕ್ಕೆ ಸೀರೆ ಹರಿದಂತೆ ಸೀಳಿದ ತೊಡೆಯನ್ನು ಹೊಲಿದಿದ್ದೇನೆ. ಆ ನಾಯಿ ಮೇಜಿನ ಮೇಲೆ ಒಮ್ಮೆಯೂ ಕುಂಯ್‌ಗುಟ್ಟದೆ ನನ್ನ ಕೈಯನ್ನೇ ನೋಡುತ್ತಿತ್ತು.

ಕಣ್ಣಿಗೆ ಕಾಣದ ಜೀನ್‌ಗಳ ವಿಚಾರವೇ ನನಗೆ ಎಲ್ಲಕ್ಕಿಂತ ಮುಖ್ಯ. ಬೆಡ್ಲಿಂಗ್ಟನ್ ತಳಿಯಲ್ಲಿ ತಾಮ್ರದ ಕಾಯಿಲೆಯೊಂದಿದೆ. ಆಹಾರದ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕಲಾಗದೆ ಯಕೃತ್ತು ವರ್ಷವರ್ಷಕ್ಕೂ ವಿಷವಾಗುತ್ತದೆ. 2002ರಲ್ಲಿ ಗುರುತಿಸಿದ ಒಂದು ಜೀನ್‌ನ ತುಂಡು ಕಳೆದುಹೋಗಿರುವುದು ಇದಕ್ಕೆ ಕಾರಣ. ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಕಾಯಿಲೆ. ವಿಪ್ಪೆಟ್ ಜೊತೆಗಿನ ಮೊದಲ ಸಂತತಿ ಆರೋಗ್ಯವಾಗಿಯೇ ಇರುತ್ತದೆ, ಆದರೆ ಕೆಟ್ಟ ಪ್ರತಿಯನ್ನು ಗುಟ್ಟಾಗಿ ಹೊತ್ತಿರಬಹುದು. ಅಂಥ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಬಲಿಯಾಗುವ ಸಾಧ್ಯತೆ ಇದೆ. ಮಿಶ್ರತಳಿಗೆ ರೋಗ ಬರುವುದಿಲ್ಲ ಎಂಬ ನಂಬಿಕೆ ಎಡವುವುದು ಇಲ್ಲಿಯೇ.

ವಿಪ್ಪೆಟ್ ಕಡೆಯೂ ಇಂಥದ್ದೊಂದಿದೆ. ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಜೀನ್‌ನಲ್ಲಿ ಡಿಎನ್‌ಎಯ ಎರಡು ಅಕ್ಷರ ಕಳೆದುಹೋದ ವಿಪ್ಪೆಟ್‌ಗಳಿವೆ. ಒಂದು ಪ್ರತಿ ಕೆಟ್ಟಿದ್ದರೆ ನಾಯಿ ಇನ್ನೂ ವೇಗವಾಗಿ ಓಡುತ್ತದೆ, ಎರಡೂ ಕೆಟ್ಟರೆ ಗೂಳಿಯಂತೆ ಮಾಂಸಖಂಡ ಉಬ್ಬಿದ ಮರಿ ಹುಟ್ಟುತ್ತದೆ ಎಂದು 2007ರ ಸಂಶೋಧನೆ ತೋರಿಸಿತು. ವೇಗದ ಎರಡನ್ನು ಕೂಡಿಸಿದರೆ ಇನ್ನೂ ವೇಗದ್ದು ಸಿಗುತ್ತದೆಂದು ಲೆಕ್ಕ ಹಾಕಿದವರ ಮನೆಯಲ್ಲೇ ಅಂಥ ಮರಿಗಳು ಹುಟ್ಟಿದವು. ಕೋಲಿಯಿಂದ ಬರುವ ಕಲೆಕಲೆಯಾದ ನೀಲಿ ಬೂದು ಬಣ್ಣದ್ದೂ ಇದೇ ಕಥೆ. ಅದರ ಜೀನ್ ಎರಡು ಪ್ರತಿ ಸೇರಿದರೆ ಮರಿ ಕಿವುಡಾಗಬಹುದು, ಕುರುಡಾಗಬಹುದು. ಚಂದವೆಂದು ಅಂಥ ಎರಡು ನಾಯಿಗಳನ್ನು ಕೂಡಿಸುವುದು ಕ್ರೌರ್ಯ ಎಂದೇ ನಾನು ಹೇಳುತ್ತೇನೆ.

ಬೂದಿ ನಾಯಿಯ ಆ ಹಿರಿಯ ಯಜಮಾನ ಬೇಸಗೆಯಲ್ಲಿ ನನ್ನ ಬಳಿ ಬಂದಾಗ ಇದನ್ನೆಲ್ಲ ಮಾತಾಡಿದೆವು. ಬೂದಿ ನಾಯಿಗೆ ವಯಸ್ಸಾಗುತ್ತಿತ್ತು. ಅದೇ ಬಗೆಯ ಕೂಡಿಕೆಯಲ್ಲಿ ಹುಟ್ಟಿದ ಪಕ್ಕದೂರಿನ ಗಂಡೊಂದರ ಜೊತೆ ಕೂಡಿಸಬೇಕೆಂದಿದ್ದ. “ಇವಳಂಥದ್ದೇ ಇನ್ನೊಂದು ಬೇಕು ಡಾಕ್ಟರೇ, ಅಷ್ಟೆ” ಎಂದ. ಹತ್ತಿ ಬೀಜದ ಕಥೆ ಹೇಳಿದೆ. ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದೆವು. ತಾಮ್ರದ ಜೀನ್‌ನ ಒಂದು ಕೆಟ್ಟ ಪ್ರತಿ ಅವಳಲ್ಲಿತ್ತು. ಗಂಡಿನ ಮಾಲೀಕ ಪರೀಕ್ಷೆಗೆ ಒಪ್ಪಲಿಲ್ಲ. ಕೊನೆಗೆ ಆತ ಅವಳನ್ನು ಒಂದು ಕೆಲಸಗಾರ ವಿಪ್ಪೆಟ್ ಜೊತೆ ಕೂಡಿಸಿದ. ಅರ್ಧದಷ್ಟು ಮರಿಗಳು ಕೆಟ್ಟ ಪ್ರತಿಯನ್ನು ಹೊರಬಹುದು, ಯಾವುದೂ ಕಾಯಿಲೆ ಬೀಳುವುದಿಲ್ಲ.

ಐದು ಮರಿ ಹುಟ್ಟಿದವು. ಎರಡಕ್ಕೆ ಗಡ್ಡ, ಮೂರು ನುಣುಪು. ಎಂಟು ವಾರವಾದಾಗ ಹೋಗಿ ನೋಡಿದೆ. ತಾಯಿಯನ್ನೇ ಎರಕ ಹೊಯ್ದಂತಿದ್ದ ಬೂದಿ ಬಣ್ಣದ ಗಡ್ಡದ ಮರಿಯನ್ನು ಇಟ್ಟುಕೊಳ್ಳುತ್ತಾನೆಂದುಕೊಂಡಿದ್ದೆ. ಆತ ಹುಲ್ಲಿನ ಆಚೆ ತುದಿಗೆ ಹೋಗಿ ಮೆಲ್ಲಗೆ ಶಿಳ್ಳೆ ಹಾಕಿದ. ನಾಲ್ಕು ಮರಿಗಳು ಕಚ್ಚಾಡುತ್ತಲೇ ಇದ್ದವು. ಗಡ್ಡವಿಲ್ಲದ, ಕಂದು ಬಣ್ಣದ ಹೆಣ್ಣು ಮರಿಯೊಂದು ಆಟ ಬಿಟ್ಟು ತಲೆ ಎತ್ತಿತು, ಎಡವುತ್ತ ಅವನತ್ತ ಓಡಿತು. ಅದನ್ನು ಎತ್ತಿ ಕೋಟಿನೊಳಗೆ ಇಟ್ಟುಕೊಂಡ.